ಚಾದರದಾಚೆಯ ಸೋಮವಾರ

ಕಮಲಾಪುರದ ಹೊಲಗೇರಿಯ ದತ್ತಪ್ಪ ಕಲಬುರ್ಗಿಗೆ ಬಂದದ್ದು ವಾರದೊಳಗಿನ ಒಂದು ದಿನ ಕೇಳಿಕೊಂಡು ಹೋಗಲಿಕ್ಕೆ.

ನಿಜಾಮನ ಅಧಿಕಾರಿಗಳು ಕಮಲಾಪುರದ ಕಡೆ ದೌರಾ ತಿರುಗಾಟಕ್ಕೆ ಬಂದಾಗಲೆಲ್ಲ ದೇಶಮುಖನ ತೋಟದ ಕೆಂಪು ಬಾಳೆ ಬುಟ್ಟಿಗಟ್ಟಲೆ ಅವರ ಡೇರೆಗೆ ಹೋಗಬೇಕು. ಹೊರುವವರಿಗೆ ಕೂಲಿಯಿಲ್ಲ, ತಿನ್ನಲು ಒಂದು ಹಣ್ಣೂ ಇಲ್ಲ. ಅರ್ಧ ಬುಟ್ಟಿ ಹೊಲಗೇರಿಯವರು ಹೊತ್ತರೆ ಉಳಿದರ್ಧ ಕಬ್ಬಲಿಗರ ಓಣಿಯವರು. ಒಂದು ಕೇರಿ ಒಲ್ಲೆ ಅಂದರೆ ದೇಶಮುಖನಿಗೆ ಇನ್ನೊಂದು ಕೇರಿಯ ತಲೆಗಳು ಇದ್ದೇ ಇದ್ದವು. ಈ ಬಿಟ್ಟಿ ಬೇಗಾರಿ ಬಿಡುವುದಾದರೆ ಇಬ್ಬರೂ ಒಂದೇ ದಿನ ಬಿಡಬೇಕು. ಆದರೆ ಒಬ್ಬರ ಮಾತಿನ ಮೇಲೆ ಒಬ್ಬರಿಗೆ ನಂಬಿಕೆಯಿಲ್ಲ. ಹೊಲಗೇರಿಯವರು ನಂಬುತ್ತಿದ್ದದ್ದು ತಮ್ಮ ಗಂಗಾಳದಲ್ಲಿ ರೊಟ್ಟಿ ಮುರಿದು ಉಂಡಿದ್ದ ಸಿಕಂದರನನ್ನು. ಕಬ್ಬಲಿಗರು ನಂಬುತ್ತಿದ್ದದ್ದು ತಮ್ಮೂರಿನ ಒಕ್ಕಲು ಮನೆಯ ಮಗ ಜಗದೇವಪ್ಪನನ್ನು. ಇಬ್ಬರೂ ಕಲಬುರ್ಗಿಯ ಒಂದೇ ಓದುಕೂಟದವರು, ಒಂದೇ ಕೆಂಪು ಬಾವುಟದವರು. ಅಲ್ಲಿಗೆ ಕೆಲಸ ಸಲೀಸು ಅಂದುಕೊಂಡು ದತ್ತಪ್ಪ ಬಾಳೆಯ ಗಾಡಿ ಹತ್ತಿದ್ದ.

"ಒಂದೇ ದಿನಾ ತೊಗೊಂಡು ಬಾ ನನ್ನಪ್ಪಾ," ಅಂದಿದ್ದಳು ಅವನವ್ವ ಗುಂಡಮ್ಮ. "ಎರಡು ತರಬ್ಯಾಡ."

ಓದುಕೂಟ ಇದ್ದದ್ದು ಮೋಮಿನಪುರದಲ್ಲಿ, ಬುರ್ಹಾನುದ್ದೀನನ ಚಹಾ ಹೋಟೆಲಿನ ಅಟ್ಟದ ಮೇಲೆ. ಮೆಟ್ಟಿಲ ಬುಡದಲ್ಲಿ ಬುರ್ಹಾನುದ್ದೀನ್ ತಡೆದ. "ಯಾರ ಪೈಕಿ ನೀ? ಕಿಟಕಿ ಕಡಿಯಾಂವೋ, ಬಾಗಲ ಕಡಿಯಾಂವೋ? ಚಹಾ ಯಾವ ಕಡಿಗೆ ಕಳಿಸ್ಬೇಕು ಭಾಯಿ, ಅದಕ್ಕ ಕೇಳಿದೆ."

ಮೇಲೆ ಹೋಗಿ ನೋಡಿದರೆ ಕೋಣೆಯ ನಟ್ಟನಡುವೆ ಹಗ್ಗ ಕಟ್ಟಿ ಬಿಳಿ ಚಾದರ ಇಳಿಬಿಟ್ಟಿದ್ದರು. ಹಿಂದಿನ ವಾರ ಕೂಟ ಒಡೆದಿತ್ತು. ಕೋಣೆ ಬಿಟ್ಟವರು ಸೋತಂತೆ ಅಂತ ಯಾರೂ ಬಿಟ್ಟಿರಲಿಲ್ಲ. ಬಾಗಿಲ ಕಡೆ ಜಗದೇವಪ್ಪನವರು, ಕಿಟಕಿ ಕಡೆ ಸಿಕಂದರನವರು. ಗಿರಣಿಯ ಕೂಲಿಗಳು ಮುಂದೆ ನಿಲ್ಲದೆ ಹಳ್ಳಿ ಏಳಬಾರದು ಅನ್ನುವುದು ಜಗದೇವಪ್ಪನ ವಾದ. ಹಳ್ಳಿ ಎದ್ದರೆ ಗಿರಣಿ ತಾನಾಗಿ ಏಳುತ್ತದೆ ಅನ್ನುವುದು ಸಿಕಂದರನದು. ಅಲ್ಲಿಂದ ಶುರುವಾದ ಮಾತು 'ನೀ ದೇಶಮುಖನ ನಾಯಿ', 'ನೀ ಪೊಲೀಸರ ಕಿವಿ' ಅನ್ನುವಲ್ಲಿಗೆ ಮುಟ್ಟಿ, ಈಗ ಮಾತೇ ನಿಂತಿತ್ತು. ಇದ್ದೊಂದು ದಪ್ಪ ಪುಸ್ತಕವನ್ನು ನಡುವೆ ಹರಿದು ಅರ್ಧರ್ಧ ಹಂಚಿಕೊಂಡಿದ್ದರು.

ಜಗದೇವಪ್ಪ ದತ್ತಪ್ಪನನ್ನು ಹತ್ತಿರ ಕೂಡಿಸಿಕೊಂಡು ಪಿಸುಗುಟ್ಟಿದ: "ಸೋಮವಾರ. ಅವತ್ತ ಗಿರಣಿನೂ ನಿಲ್ಲಸ್ತೀವಿ."

ದತ್ತಪ್ಪ ಚಾದರ ಸರಿಸಿ ಆಚೆ ಹೋದ. ಸಿಕಂದರ ಅವನ ಹೆಗಲ ಮೇಲೆ ಕೈ ಹಾಕಿದ. "ಸೋಮವಾರ, ದತ್ತೂ. ಅವತ್ತ ದೌರಾದ ಕಡೀ ದಿನ. ಬುಟ್ಟಿ ಹೋಗಲಿಲ್ಲಂದ್ರ ದೇಶಮುಖನ ಮಾನ ಎಲ್ಲಾರ ಮುಂದ ಹೋಗ್ತದ."

ಅಲ್ಲೇ ಬಾಯಿ ಮುಚ್ಚಿಕೊಂಡು ಇಳಿದುಬಿಟ್ಟಿದ್ದರೆ! ದತ್ತಪ್ಪನಿಗೆ ಹಿಗ್ಗು ತಡೆಯಲಿಲ್ಲ. "ಅಲ್ರೀ, ಜಗದೇವಪ್ಪನವರೂ ಸೋಮವಾರನೇ ಅಂದಾರ್ರೀ! ಇಬ್ಬರದೂ ಒಂದೇ ಆತಲ್ರೀ!"

ಚಾದರದ ಎರಡೂ ಕಡೆ ಚಹಾ ಹೀರುವ ಸಪ್ಪಳ ನಿಂತಿತು.

"ದತ್ತೂ," ಅಂದ ಸಿಕಂದರ, "ಬಾಗಲ ಕಡಿಯವರಿಗೆ ಕೇಳು, ನಮ್ಮ ದಿನಾ ಯಾವಾಗ ಕದ್ರಿ ಅಂತ."

ಆಚೆಯಿಂದ ಜಗದೇವಪ್ಪನ ದನಿ: "ದತ್ತಪ್ಪಾ, ಕಿಟಕಿಯವರಿಗೆ ಹೇಳು, ನಮ್ಮ ಠರಾವು ಮೊನ್ನೇನೇ ಆಗ್ಯದ. ಕದ್ದು ಕೇಳಿ ಈಗ ನಮ್ಮ ಬಾಲ ಹಿಡಿಯಾಕತ್ತಾರ."

"ಬಾಲಾ?" ಸಿಕಂದರ ಎದ್ದುನಿಂತ. "ಹಂಗಾದ್ರ ಶುಕ್ರವಾರ! ಸೋಮವಾರತನಕ ಕಾಯೋರು ಹೇಡಿಗಳು ಅಂತ ಹೇಳು."

"ಸೋಮವಾರನೂ ರದ್ದು ಅಂತ ಹೇಳು. ಇಂಥವರು ಬಾಯಿ ಹಾಕಿದ ಮ್ಯಾಲ ಅದು ಚಳವಳಿ ಅಲ್ಲ, ದೊಂಬಿ. ಗಿರಣಿಗಿ ಬ್ಯಾರೆ ದಿನಾ ಇಡ್ತೀವಿ. ಅಲ್ಲಿತನಕಾ ಕಬ್ಬಲಿಗರು ಅಲ್ಲಾಡೂದಿಲ್ಲ."

ದತ್ತಪ್ಪ ಚಾದರದ ಅಂಚು ಹಿಡಿದುಕೊಂಡ. "ಈಗಷ್ಟೇ ಇಬ್ಬರೂ ಸೋಮವಾರ ಅಂದ್ರಲ್ರೀ! ನೀವು ಅಂದಿಲ್ಲಂತ ಅವರಿಗೆ ಹೇಳ್ತೀನಿ, ಅವರು ಅಂದಿಲ್ಲಂತ ನಿಮಗ ಹೇಳ್ತೀನಿ. ದಿನಾ ಒಂದಿರ್ಲಿ ಸಾಕು. ನಮ್ಮವ್ವ ಕಾಯಾಕತ್ತಾಳ್ರೀ."

"ಇದು ನಿಮ್ಮವ್ವನ ಸವಾಲಲ್ಲ ದತ್ತೂ," ಸಿಕಂದರ ಮೆಲ್ಲಗೆ ಅಂದ. "ತತ್ವದ ಸವಾಲು."

"ಆ ಮಾತಿಗಿ ನಮ್ಮದೂ ಒಪ್ಪಿಗಿ ಅದ," ಅಂತ ಚಾದರದಾಚೆಯಿಂದ ಬಂತು.

ತಿರುಗಿ ಹೋಗುವಾಗ ದತ್ತಪ್ಪ ಗಟ್ಟಿ ಮಾಡಿಕೊಂಡ: ಸುಳ್ಳು ಹೇಳುವುದೇ. ಎರಡೂ ಕೇರಿಗೆ ಸೋಮವಾರ ಅಂತಲೇ ಹೇಳುವುದು. ಆದರೆ ಎರಡು ಬಣದವರಿಗೂ ಅವನ ಮೇಲೆ ಗುಮಾನಿ. ತಂತಮ್ಮ ಆಳನ್ನು ಸೈಕಲ್ ಮೇಲೆ ಓಡಿಸಿದ್ದರು. ಗಾಡಿ ಕಮಲಾಪುರ ಮುಟ್ಟುವ ಮೊದಲೇ ಎರಡು ದಿನಗಳು ಊರು ಹೊಕ್ಕಿದ್ದವು.

"ಸೋಮವಾರಂತ!" ಕಬ್ಬಲಿಗರ ಹಿರಿಯ ಯಂಕಪ್ಪ ಕಟ್ಟೆಯ ಮೇಲಿಂದ ಉಗುಳಿದ. "ಸಿಕಂದರನ ಸುಳ್ಳು ಹೊತ್ಕೊಂಡು ಬರ್ತಿ ಅಂತ ಜಗದೇವಪ್ಪ ಮುಂಚೇನೇ ಹೇಳಿ ಕಳಿಸ್ಯಾನ. ಗಿರಣಿ ನಿಲ್ಲೂತನಕಾ ನಾವು ಹೊರಾವ್ರೇ."

ಹೊಲಗೇರಿಯಲ್ಲಿ ಶುಕ್ರವಾರದ ಮಾತು ಆಗಲೇ ಕಾವೇರಿತ್ತು. ಕಬ್ಬಲಿಗರು ಬರುವುದಿಲ್ಲ ಅಂತ ದತ್ತಪ್ಪ ಅಂದರೆ, "ಅಂಜಿದೇನು ದತ್ತ್ಯಾ?" ಅಂತ ನಕ್ಕರು. ಗುಂಡಮ್ಮ ಮಗನ ಮುಖವನ್ನೇ ನೋಡಿದಳು. "ಎರಡು ತಂದೆಲ್ಲೋ," ಅಂದಳು, ಅಷ್ಟೇ. ಶುಕ್ರವಾರ ಅವಳೂ ಬುಟ್ಟಿ ಮುಟ್ಟಲಿಲ್ಲ.

ದೇಶಮುಖ ಕೂಗಾಡಲಿಲ್ಲ. ಹೊಲಗೇರಿಯವರನ್ನು ಹಿಡಿದು ತರಿಸಿ, ವಾಡೆಯ ಅಂಗಳದಲ್ಲಿ ಸಾಲಾಗಿ ಬಗ್ಗಿಸಿ, ಸುಡು ಬಿಸಿಲಲ್ಲಿ ಬೆನ್ನ ಮೇಲೆ ಕಲ್ಲು ಹೇರಿಸಿದ. ದತ್ತಪ್ಪನ ಮೇಲೊಂದು. ಅವನ ಪಕ್ಕ ಗುಂಡಮ್ಮ. ಅವಳ ಸರದಿ ಬಂದಾಗ ದೇಶಮುಖ ನಗುತ್ತ ಕರೆದ: "ಯಂಕಪ್ಪಾ, ನಿಮ್ಮ ಓಣಿಯವರು ಛಲೋ ಮಂದಿ. ಈ ಮುದುಕಿ ಕಲ್ಲು ನೀನೇ ಇಡು."

ಯಂಕಪ್ಪ ಕಲ್ಲು ಎತ್ತಿಕೊಂಡು ಬಂದ. ಗುಂಡಮ್ಮ ತಲೆ ಎತ್ತದೆ ಅಂದಳು: "ಬೆನ್ನ ನಡುವ ಸರೀ ಇಡೋ ತಮ್ಮಾ. ಜಾರಿ ಬಿದ್ರ ಮತ್ತ ನಿನಗೇ ಎತ್ತಲಿಕ್ಕ ಹಚ್ಚತಾರ."

ಅವನು ಇಟ್ಟ. ಆಮೇಲೆ ಕಬ್ಬಲಿಗರು ತಮ್ಮ ಪಾಲಿನ ಬುಟ್ಟಿಗಳ ಜೊತೆಗೆ ಹೊಲಗೇರಿಯ ಪಾಲನ್ನೂ ಹೊತ್ತು ಆ ಸಾಲಿನ ಮುಂದೆಯೇ ಹಾದುಹೋದರು. ಬಗ್ಗಿ ನಿಂತವರಿಗೆ ಕಂಡದ್ದು ಬರೇ ಕಾಲು. ಮಾಗಿದ ಬಾಳೆಯ ವಾಸನೆ ಅಂಗಳದ ತುಂಬ. ಹೊತ್ತು ವಾಲುವುದರೊಳಗೆ ಗುಂಡಮ್ಮ ಮುಗ್ಗರಿಸಿ ಬಿದ್ದಳು. ಬಾಯಲ್ಲಿ ರಕ್ತ ಬಂತು.

ಮರುದಿನ ಅವಳನ್ನು ಕಲಬುರ್ಗಿಯ ದವಾಖಾನೆಗೆ ಒಯ್ಯಲು ಗಾಡಿ ಕಟ್ಟಿದವನು ಯಂಕಪ್ಪ. ದತ್ತಪ್ಪ ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕೋಟೆಯ ಗೋಡೆ ಕಾಣುವ ಹೊತ್ತಿಗೆ ಗುಂಡಮ್ಮನ ಉಸಿರು ನಿಂತಿತು.

"ಮೋಮಿನಪುರಕ್ಕ ಹೊಡಿ," ಅಂದ ದತ್ತಪ್ಪ.

ಕಲ್ಲು ಹೇರಿಸಿದ ಸುದ್ದಿ ಸೈಕಲ್ ಮೇಲೆ ಮೊದಲೇ ಮುಟ್ಟಿತ್ತು. ಅವ್ವ ಕೆಳಗೆ ಗಾಡಿಯಲ್ಲಿ ಸತ್ತು ಮಲಗಿದ್ದಾಳೆ ಅಂತ ದತ್ತಪ್ಪ ಅಟ್ಟ ಹತ್ತಿ ಹೇಳಿದ. ಸಿಕಂದರ ಅವನನ್ನು ತಬ್ಬಿಕೊಂಡ. "ನಮ್ಮ ದಾರಿ ಖರೇ ಅಂತ ನಿಮ್ಮವ್ವ ತೋರಿಸಿಕೊಟ್ಟಳು, ದತ್ತೂ. ನಮ್ಮ ಹುತಾತ್ಮಳು."

"ದತ್ತಪ್ಪಾ, ಅವರಿಗೆ ಹೇಳು," ಅಂತ ಆಚೆಯಿಂದ ಜಗದೇವಪ್ಪ, "ಮುದುಕಿನ್ನ ಕೊಂದದ್ದು ಅವರ ಶುಕ್ರವಾರ. ನಾವು ಹೇಳಿದ್ದೇ ಖರೇ ಆತು."

"ಕಲ್ಲು ಇಟ್ಟಾಂವ ಅವರ ಯಂಕಪ್ಪ ಅಂತ ಹೇಳು!"

ದೇಶಮುಖನ ಹೆಸರು ಚಾದರದ ಯಾವ ಕಡೆಯಿಂದಲೂ ಬರಲಿಲ್ಲ.

ದತ್ತಪ್ಪ ಚಾದರಕ್ಕೆ ಕೈ ಹಾಕಿ ಜಗ್ಗಿದ. ಹಗ್ಗ ಕಿತ್ತು ಬಂತು. ವಾರದ ಮೇಲೆ ಇಬ್ಬರೂ ಎದುರುಬದುರಾಗಿ, ಕೈಯಲ್ಲಿ ಅರ್ಧರ್ಧ ಪುಸ್ತಕ ಹಿಡಿದು, ಪೆಚ್ಚಾಗಿ ನಿಂತರು. ಅವನು ಚಾದರ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದ. ಅರ್ಧಕ್ಕೆ ಬಂದಾಗ, ನಡುವೆ ಯಾರ ಹಂಗೂ ಇಲ್ಲದೆ ಅವರಾಡಿದ ಮೊದಲ ಮಾತು ಕೇಳಿಸಿತು.

"ಆ ಚಾದರ ನಮ್ಮ ಕಡಿದಿತ್ತು."

"ಹಗ್ಗ ಯಾರದು?"

ಕೆಳಗೆ ಗುಂಡಮ್ಮನ ಮೇಲೆ ನೊಣ ಮುತ್ತಿದ್ದವು. ಯಂಕಪ್ಪ ರುಮಾಲು ಬಿಚ್ಚಿ ಬೀಸುತ್ತ ನಿಂತಿದ್ದ. ದತ್ತಪ್ಪ ಚಾದರದ ಒಂದು ತುದಿ ಅವನ ಕಡೆ ಎಸೆದ.

"ಆ ಕಡಿ ಹಿಡಿ."

ಇಬ್ಬರೂ ಜಗ್ಗಿ ಹಿಡಿದು ಅವಳ ಮೇಲೆ ಹೊದಿಸಿದರು. ಮೇಲೆ ಅಟ್ಟದಲ್ಲಿ ಗೋಡೆಗೆ ಮತ್ತೆ ಹಗ್ಗದ ಮೊಳೆ ಹೊಡೆಯುವ ಸಪ್ಪಳ ಶುರುವಾಗಿತ್ತು.