ಕೆಸರನ್ನು ಮರಳಿಸಿದ ಸಾಯಿಪ್ಪು

ಮಲಯಾಳಿಗಳ ಬಾಯಲ್ಲಿ ಬಿಳಿಯರೆಲ್ಲ ಸಾಯಿಪ್ಪು. ಡಾಲ್ಟನ್ ಸಾಯಿಪ್ಪು ನಡೆಯುವುದನ್ನು ಮೊದಲ ಸಲ ನೋಡಿದವರು ಅವರ ಕಾಲಿಗೆ ಏನೋ ಆಗಿದೆಯೆಂದೇ ತಿಳಿಯುತ್ತಿದ್ದರು. ಹಿಮ್ಮಡಿಯನ್ನು ಮೊದಲು ಊರಿ, ಅರೆಕ್ಷಣ ತಡೆದು, ಕೆಳಗಿನ ನೆಲ ತನ್ನನ್ನು ಹೊರಲು ಒಪ್ಪಿದೆಯೆಂದು ಖಾತ್ರಿಯಾದ ಮೇಲೆಯೇ ಮೈಭಾರವನ್ನು ಅದರ ಮೇಲೆ ಬಿಡುವರು. ಇನ್ನೊಂದು ಹೆಜ್ಜೆಯ ಯೋಚನೆ ಆಮೇಲೆ. ಎರ್ನಾಕುಲಂನ ಡಾಂಬರು ರಸ್ತೆಯಲ್ಲೂ ಹಾಗೆಯೇ, ನಮ್ಮ ಬ್ಯಾಂಕಿನ ಸಿಮೆಂಟು ನೆಲದಲ್ಲೂ ಹಾಗೆಯೇ. ಸರದಿಯಲ್ಲಿ ಅವರು ಒಂದು ಹೆಜ್ಜೆ ಮುಂದೆ ಸರಿಯುವಷ್ಟರಲ್ಲಿ ಹಿಂದಿದ್ದವರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ತೋಳಿನ ಮೇಲೆ ಸದಾ ಒಂದು ಕಂದು ಕೋಟು. ಕೊಚ್ಚಿಯ ಸೆಕೆಯಲ್ಲಿ ಅದನ್ನವರು ತೊಟ್ಟದ್ದನ್ನು ಕಂಡವರಿಲ್ಲ. ಯಾರ ಮನೆಗೆ ಹೋದರೂ ಅದನ್ನು ಗೋಡೆಯ ಮೊಳೆಗೆ ತೂಗುಹಾಕಿದ್ದನ್ನೂ ಕಂಡವರಿಲ್ಲ. "ಮೊಳೆ ನಿಮ್ಮದಲ್ವಾ" ಎನ್ನುತ್ತಿದ್ದರು, ಅಷ್ಟರಲ್ಲೇ ಸಮಸ್ತ ವಿವರಣೆಯೂ ಮುಗಿದಂತೆ.

ಕನ್ನಡದಲ್ಲೇ ಹೇಳುತ್ತಿದ್ದರು. ಸಾವಿರದ ಒಂಬೈನೂರ ಅರವತ್ತನಾಲ್ಕರಲ್ಲಿ ನಾನು ಎರ್ನಾಕುಲಂ ಶಾಖೆಗೆ ವರ್ಗವಾಗಿ ಬಂದು, ಭಾಷೆ ತಿಳಿಯದ ಊರಿನಲ್ಲಿ ಮೂಗನಂತೆ ಕುಳಿತಿದ್ದಾಗ, ಕೌಂಟರಿನ ಕಿಟಕಿಯಾಚೆಯಿಂದ ಒಬ್ಬ ಬಿಳಿಮೀಸೆಯ ಆಂಗ್ಲ ನನ್ನ ಹೆಸರಿನ ಫಲಕ ಓದಿ "ಐತಾಳರು ಅಂದ್ರೆ ಕುಂದಾಪುರದ ಕಡೆಯಾ ಮಾರಾಯ್ರೆ?" ಎಂದು ಕೇಳಿದರೆ ಹೇಗಾಗಬೇಡ? ಕೈಯಲ್ಲಿದ್ದ ಪೆನ್ನು ಜಾರಿ ಬಿತ್ತು. ಪ್ರಾಯದಲ್ಲಿ ಮಂಗಳೂರಿನ ಬಂದರಿನಲ್ಲಿ ಕೆಲವು ವರ್ಷ ಇಂಜಿನ್ ರಿಪೇರಿ ಮಾಡಿಕೊಂಡಿದ್ದರಂತೆ. ಹಂಚು ಸಾಗಿಸುವ ಮಂಜಿ ಹಡಗಿನವರಿಂದ ಕಲಿತ ಕನ್ನಡ. ಮಾತು ಮಾತಿಗೂ ಕೊನೆಯಲ್ಲಿ ಒಂದು "ಆಯ್ತಾ". ಅದು ಪ್ರಶ್ನೆಯಲ್ಲ, ಮಾತಿಗೆ ಹಾಕಿದ ಮುದ್ರೆ.

ಅವರ ಮನೆಯಿದ್ದ, ಕೊಚ್ಚಿ ಬಂದರಿನ ವಿಲ್ಲಿಂಗ್ಡನ್ ಐಲ್ಯಾಂಡ್ ದೇವರು ಸೃಷ್ಟಿಸಿದ ದ್ವೀಪವಲ್ಲ. ಹಿನ್ನೀರಿನ ತಳದ ಹೂಳನ್ನೆತ್ತಿ ಸುರಿದು ಮನುಷ್ಯರು ಮಾಡಿದ ನೆಲ ಅದು. ಆ ಹೂಳನ್ನೆತ್ತಿದ ಹಡಗೊಂದರ ಇಂಜಿನ್ನಿನ ಕೋಣೆಯಲ್ಲಿ ಡಾಲ್ಟನ್ನರು ತಮ್ಮ ಯೌವನವನ್ನು ಬೇಯಿಸಿದ್ದರು. ನೆಲ ಇನ್ನೂ ಹಸಿಯಾಗಿದ್ದ ಕಾಲದಲ್ಲಿ, ನಂಬಿ ಹೆಜ್ಜೆಯಿಟ್ಟ ಕೂಲಿಗಳು ಸೊಂಟದವರೆಗೆ ಹೂತುಹೋಗುತ್ತಿದ್ದ ಆ ಕಾಲದಲ್ಲಿ, ಅವರಿಗೆ ಈ ನಡಿಗೆ ಅಂಟಿಕೊಂಡಿತು. ದ್ವೀಪದ ಅಂಚಿನಲ್ಲಿ, ಉಬ್ಬರ ಬಂದಾಗಲೆಲ್ಲ ನೀರು ನುಗ್ಗುತ್ತಿದ್ದ, ಯಾರಿಗೂ ಬೇಡದ ಒಂದು ಮೂಲೆಯನ್ನು ಅವರು ಮೂವತ್ತು ವರ್ಷದ ಲೀಸಿಗೆ ಹಿಡಿದರು. ಸ್ವಂತ ಖರ್ಚಿನಲ್ಲಿ ಕಲ್ಲಿನ ಒಡ್ಡು ಕಟ್ಟಿ, ದೋಣಿಗಟ್ಟಲೆ ಕೆಂಪು ಮಣ್ಣು ತಂದು ತುಂಬಿಸಿ, ಅದರ ಮೇಲೆ ಒಂದು ಪುಟ್ಟ ಹಂಚಿನ ಮನೆ ಕಟ್ಟಿದರು. ಮಂಗಳೂರಿನಿಂದ ಬೇರು ತರಿಸಿ ಹಲಸಿನ ಜಾತಿಯ ಒಂದು ಜೀಗುಜ್ಜೆ ಮರವನ್ನೂ ನೆಟ್ಟರು. ಮದುವೆಯಾಗಲಿಲ್ಲ. ಇಂಗ್ಲೆಂಡಿಗೆ ಮರಳುವುದಿಲ್ಲವೇ ಎಂದು ಕೇಳಿದರೆ, "ಅಲ್ಲಿ ನನ್ನ ಗುರ್ತದವರು ಯಾರಿದ್ದಾರೆ? ಇಲ್ಲೇ ಸಾಯ್ಲಿಕ್ಕೆ ಜಾಗ ಮಾಡಿಟ್ಟಿದ್ದೇನೆ, ಆಯ್ತಾ" ಎನ್ನುವರು. ಬದುಕಿನಲ್ಲಿ ಅವರು ಬೇಡಿದ್ದು ಇದೊಂದನ್ನೇ.

ಪ್ರತಿ ಬೇಸಗೆಯಲ್ಲೂ ಜೀಗುಜ್ಜೆಯ ಚೀಲದೊಂದಿಗೆ ದೋಣಿ ಹತ್ತಿ ನಮ್ಮ ಮನೆಗೆ ಬರುತ್ತಿದ್ದರು. ನನ್ನ ಹೆಂಡತಿ ಸುಮಿತ್ರ ಅದನ್ನು ಹೆಚ್ಚಿ ಹಿಟ್ಟಿನಲ್ಲದ್ದಿ ಪೋಡಿ ಕರಿದು ಹಾಕಿದಷ್ಟೂ ತಿನ್ನುವರು. ಕೋಟು ಮಾತ್ರ ತೊಡೆಯ ಮೇಲೆ.

ಆ ಪಂಕ್ತಿಯಲ್ಲಿ ಅಚ್ಯುತರಾಯರೂ ಇರುತ್ತಿದ್ದರು. ದ್ವೀಪದ ನೆಲದ ಲೆಕ್ಕ ನೋಡುವ ಕಚೇರಿಯಲ್ಲಿ ಅಧಿಕಾರಿ, ಬ್ರಹ್ಮಾವರದವರು, ಮೆತ್ತಗಿನ ಮನುಷ್ಯ. ಅರವತ್ತೆಂಟರಲ್ಲಿ ಲೀಸಿನ ಅವಧಿ ಮುಗಿಯುವ ಸುಮಾರಿಗೆ, ನವೀಕರಣವೆಂದರೆ ಒಂದು ಸಹಿಯ ಕೆಲಸವೆಂದು ನಾವೆಲ್ಲ ನಂಬಿ ಕುಳಿತಿದ್ದಾಗ, ಆ ಮೆತ್ತಗಿನ ಬಾಯಿಂದಲೇ ಸಿಡಿಲು ಬಿತ್ತು.

"ಸಾಹೇಬ್ರೇ, ಪರದೇಶದ ಪ್ರಜೆಗಳಿಗೆ ಇನ್ನು ಇಲ್ಲಿ ಲೀಸು ಕೊಡ್ಲಿಕ್ಕಿಲ್ಲ ಅಂತ ಮೇಲಿಂದ ಬಂದಿದೆ. ನಾನು ಎಷ್ಟು ಬರೆದು ನೋಡಿದೆ. ಆಗ್ಲಿಲ್ಲ."

ಡಾಲ್ಟನ್ನರು ಪೋಡಿಯ ತಟ್ಟೆಯನ್ನು ನೆಲಕ್ಕಿಟ್ಟರು. ಅವರ ಮುಖ ಅಷ್ಟು ಬಿಳಿಯಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ.

"ನಾನು ಪರದೇಶದವ, ಸರಿ. ಆದ್ರೆ ರಾಯರೇ, ಆ ನೆಲಕ್ಕೆ ನನಗಿಂತ ಮೊದಲು ಬಂದವರು ಯಾರುಂಟು?"

ಅದಕ್ಕೆ ಯಾವ ಕಾನೂನಿನ ಬಳಿಯಾದರೂ ಉತ್ತರ ಇದ್ದೀತೇ? ರಾಯರು ದನಿ ತಗ್ಗಿಸಿ, "ಕೋರ್ಟಿಗೆ ಹೋಗಿ. ನಾನು ಹೇಳಿದೆ ಅಂತ ಎಲ್ಲೂ ಹೇಳ್ಬೇಡಿ. ಒಂದು ತಡೆಯಾಜ್ಞೆ ಸಿಕ್ಕಿದ್ರೆ ನಿಮ್ಮ ಕಾಲ ಮುಗಿಯುವವರೆಗೆ ಯಾರೂ ಅಲ್ಲಾಡಿಸ್ಲಿಕ್ಕಿಲ್ಲ" ಎಂದರು. ಅದೇ ದ್ವೀಪದಲ್ಲಿ ಹಾಗೆ ತಡೆಯಾಜ್ಞೆಯ ನೆರಳಲ್ಲಿ ಸುಖವಾಗಿದ್ದವರು ಬೇಕಾದಷ್ಟು ಮಂದಿ ಇದ್ದರು. ಬೇಕಿದ್ದರೆ ನನ್ನ ಹೆಸರಿಗೆ ಹೊಸ ಲೀಸು ಮಾಡಿಸೋಣ, ನೀವು ಸುಮ್ಮನೆ ಇದ್ದುಬಿಡಿ ಎಂದು ನಾನೂ ಅಂದೆ.

"ಮೂವತ್ತು ವರ್ಷ ಅಂತ ಓದಿಯೇ ಸಹಿ ಹಾಕಿದ್ದು ನಾನು, ಆಯ್ತಾ." ಎದ್ದು ಕೋಟನ್ನು ತೋಳಿಗೇರಿಸಿ, ಹಿಮ್ಮಡಿಯೂರಿ ಹೊರಟುಹೋದರು. ನನಗೆ ಮೈಯೆಲ್ಲ ಉರಿಯಿತು. ನಮ್ಮ ಸಹಾಯವನ್ನು ಕಾಲಕಸ ಮಾಡಿದ ಹಟಮಾರಿ ಎಂದು ಸುಮಿತ್ರಳೆದುರು ಕೂಗಾಡಿದೆ.

ಅವಧಿಯ ಕೊನೆಯ ವಾರ, ಸಾಮಾನು ಸಾಗಿಸಲು ನೆರವಾಗೋಣವೆಂದು ನಾನು, ಸುಮಿತ್ರ, ರಾಯರು ಮೂವರೂ ದ್ವೀಪಕ್ಕೆ ಹೋದೆವು. ಅಲ್ಲಿ ಮನೆ ಇರಲಿಲ್ಲ. ಹಂಚುಗಳು ಒಂದು ಕಡೆ, ಬಾಗಿಲು ಕಿಟಕಿಗಳು ಒಂದು ಕಡೆ, ಒಪ್ಪವಾಗಿ ಜೋಡಿಸಿಟ್ಟಿದ್ದವು. ಒಡ್ಡಿನ ಕಲ್ಲುಗಳನ್ನು ಕಿತ್ತಿದ್ದರು. ಮೂವತ್ತು ವರ್ಷ ಹೊರಗೇ ನಿಂತಿದ್ದ ಹಿನ್ನೀರು ನಿಧಾನವಾಗಿ, ಹಳೆಯ ಪರಿಚಯದ ಮನೆಗೆ ಬಂದಂತೆ, ಒಳಗೆ ಹರಿದು ಬರುತ್ತಿತ್ತು. ನಾಲ್ಕಾರು ಕೂಲಿಗಳು ಕೆಂಪು ಮಣ್ಣನ್ನು ದೋಣಿಗೆ ತುಂಬಿಸುತ್ತಿದ್ದರು. ಮಧ್ಯದಲ್ಲಿ ಮೊಣಕಾಲುದ್ದದ ಕೆಸರಿನಲ್ಲಿ, ಕೋಟನ್ನು ಹೆಗಲಿಗೇರಿಸಿಕೊಂಡು, ಡಾಲ್ಟನ್ ಸಾಯಿಪ್ಪು ನಿಂತಿದ್ದರು.

"ಇದೆಂಥ ಮಾಡಿದ್ರಿ ಸಾಹೇಬ್ರೇ!" ರಾಯರು ದಡದಿಂದಲೇ ಕೂಗಿದರು.

"ಪಡೆದ ಸ್ಥಿತಿಯಲ್ಲೇ ಮರಳಿಸಬೇಕು ಅಂತ ಲೀಸಿನಲ್ಲಿ ಉಂಟಲ್ವಾ? ನನಗೆ ಕೊಟ್ಟದ್ದು ಕೆಸರು. ಕೆಸರನ್ನೇ ಕೊಡ್ತಿದ್ದೇನೆ, ಆಯ್ತಾ."

ಸೇಡೆಂದು ನಾನು ಭಾವಿಸಿದೆ. ಆ ಕ್ಷಣದಲ್ಲಿ ಯಾರಾದರೂ ಹಾಗೆಯೇ ಭಾವಿಸುತ್ತಿದ್ದರು. ಆದರೆ ಸುಮಿತ್ರ ನೋಡುತ್ತಿದ್ದದ್ದು ಬೇರೆ ಕಡೆ. ಜೀಗುಜ್ಜೆ ಮರ ಬುಡ ಕಡಿಸಿಕೊಂಡು ನೀರಿನಲ್ಲಿ ಮಲಗಿತ್ತು, ಮೈತುಂಬ ಎಳೆಗಾಯಿ.

"ಕಾಯಿ ಬಿಟ್ಟ ಮರ ಕಡೀಲಿಕ್ಕೆ ನಿಮಗೆ ಕೈ ಹೇಗೆ ಬಂತು?"

"ನಾನು ಬರುವಾಗ ಅದು ಇರ್ಲಿಲ್ಲ ಅಮ್ಮ." ಅಷ್ಟು ಹೇಳಿ ಮುಖ ತಿರುಗಿಸಿದರು. ಆ ಮಾತಿನ ಕೊನೆಗೆ ಅವರ "ಆಯ್ತಾ" ಬರಲಿಲ್ಲ. ಸೇಡು ತೀರಿಸುವವರ ದನಿ ಹಾಗೆ ಒಡೆಯುವುದಿಲ್ಲ.

ರಾಯರು ಪ್ಯಾಂಟು ಮಡಚಿ ಕೆಸರಿಗಿಳಿದು ಜಾಗವನ್ನು ವಶಕ್ಕೆ ಪಡೆದರು. ಎರಡನೆಯ ಹೆಜ್ಜೆಗೇ ಹೂತುಹೋದರು. ಡಾಲ್ಟನ್ನರು ಅವರ ರಟ್ಟೆ ಹಿಡಿದು, ಹಿಮ್ಮಡಿಯೂರಿ ನಡೆಯುವುದನ್ನು ಕಲಿಸಿಕೊಡುತ್ತಾ ದಡಕ್ಕೆ ತಂದರು. ಮುಂದೊಂದು ದಿನ ಕಚೇರಿಯವರು ಅಲ್ಲಿ ಮತ್ತೆ ಮಣ್ಣು ತುಂಬಿಸಿ ಬೇಲಿ ಹಾಕಿದರು.

ಎಪ್ಪತ್ತರಲ್ಲಿ ನನಗೆ ತಿರುವನಂತಪುರಕ್ಕೆ ವರ್ಗವಾಯಿತು. ಉಳ್ಳೂರಿನಲ್ಲಿ ಬಾಡಿಗೆಯ ಮನೆ, ಹಿತ್ತಿಲಿನಲ್ಲಿ ಒಂದು ಬಿಡಿ ಕೋಣೆ. ಮರುವರ್ಷ, ಮಟ್ಟಾಂಚೇರಿಯ ಲಾಡ್ಜೊಂದರಲ್ಲಿ ಕೆಮ್ಮುತ್ತಾ ಕಾಲ ತಳ್ಳುತ್ತಿದ್ದ ಡಾಲ್ಟನ್ನರನ್ನು, ಮೆಡಿಕಲ್ ಕಾಲೇಜು ಹತ್ತಿರವಿದೆಯೆಂಬ ನೆವದಿಂದ ಸುಮಿತ್ರಳೇ ಹಟ ಹಿಡಿದು ಕರೆಸಿಕೊಂಡಳು. ಆ ಕೋಣೆಯ ಬಾಗಿಲಿಗೆ ತುಕ್ಕು ಹಿಡಿದು ಮುರಿದ ಚಿಲಕ. ತೆಂಗಿನ ನಾರಿನ ಹುರಿಯಿಂದ ಕಟ್ಟಿಡುತ್ತಿದ್ದೆವು. ಬಂದ ಮರುದಿನವೇ ಅವರು ಚಾಲೆ ಪೇಟೆಗೆ ಹೋಗಿ ಹಿತ್ತಾಳೆಯ ಚಿಲಕ ತಂದು ಕೂರಿಸಿದರು. ಹಳೆಯದನ್ನು ಎಸೆಯಲು ಬಿಡಲಿಲ್ಲ. ಸುಮಾರು ಒಂದು ವರ್ಷ ಆ ಕೋಣೆಯಲ್ಲಿದ್ದರು. ಗೋಡೆಗೆ ಒಂದು ಮೊಳೆ ಹೊಡೆಯಲಿಲ್ಲ. ಕೋಟು ಕುರ್ಚಿಯ ಬೆನ್ನಿಗೇ, ಕುರ್ಚಿಯೂ ಅವರದೇ.

ಒಂದು ಬೆಳಿಗ್ಗೆ, ಎರಡು ದಿನದ ತಪಾಸಣೆ ಅಷ್ಟೆ ಎಂದು ನಗುತ್ತಲೇ ರಿಕ್ಷಾ ಹತ್ತಿ ಆಸ್ಪತ್ರೆಗೆ ಹೋದರು. ಸಂಜೆ ನಾನು ಬ್ಯಾಂಕಿನಿಂದ ಬಂದಾಗ ಸುಮಿತ್ರ ಪೊರಕೆ ಹಿಡಿದು ಆ ಕೋಣೆಯ ಮುಂದೆ ಕಲ್ಲಾಗಿ ನಿಂತಿದ್ದಳು.

"ಒಳಗೆ ಗುಡಿಸುವ ಅಂತ ಬಂದೆ. ಇಲ್ಲಿ ನೋಡಿ" ಎಂದಳು.

ಬಾಗಿಲಲ್ಲಿ ಹಿತ್ತಾಳೆಯ ಚಿಲಕ ಇರಲಿಲ್ಲ. ಹಳೆಯ ಮುರಿದ ಚಿಲಕ, ಅವೇ ತೂತುಗಳಲ್ಲಿ, ಅದೇ ತುಕ್ಕಿನೊಂದಿಗೆ. ಅದಕ್ಕೆ ನಾರಿನ ಹುರಿ, ನಾವು ಕಟ್ಟುತ್ತಿದ್ದ ಹಾಗೆಯೇ.

"ಅವರು ಬರುವುದಿಲ್ಲರೀ" ಎಂದು ಪೊರಕೆಯನ್ನು ಅಲ್ಲೇ ಬಿಟ್ಟಳು.

ಆಸ್ಪತ್ರೆಗೆ ಓಡಿದೆವು. ಅವರಿಗೆ ಇನ್ನೂ ಎಚ್ಚರವಿತ್ತು. "ಚಿಲಕ ಯಾಕೆ ಬಿಚ್ಚಿದ್ರಿ ಸಾಹೇಬ್ರೇ?" ಎಂದು ಕೇಳಿದೆ, ಅಳು ಬರಬೇಕಾದಲ್ಲಿ ನನಗೆ ಸಿಟ್ಟು ಬಂದಿತ್ತು. ಅವರು ಸುಮಿತ್ರಳ ಕಡೆ ನೋಡಿ, "ಕೊಟ್ಟ ಹಾಗೇ ಉಂಟು ಅಮ್ಮ. ನೋಡಿಕೊಳ್ಳಿ, ಆಯ್ತಾ" ಎಂದರು. ಎರಡು ದಿನದ ಮೇಲೆ ತೀರಿಕೊಂಡರು. ದಾದಿ ತಂದುಕೊಟ್ಟ ಕೋಟಿನ ಜೇಬಿನಲ್ಲಿ ಹಿತ್ತಾಳೆಯ ಚಿಲಕವಿತ್ತು. ಸುಮಿತ್ರ ಅದನ್ನು ಮತ್ತೆ ಆ ಬಾಗಿಲಿಗೆ ಹಾಕಿಸಲು ಒಪ್ಪಲಿಲ್ಲ. ನಾವು ಆ ಮನೆಯಲ್ಲಿದ್ದಷ್ಟು ದಿನವೂ ಹುರಿಯನ್ನೇ ಕಟ್ಟಿದೆವು, ಬಿಚ್ಚಿದೆವು.

ಸಿಕ್ಕಿದ್ದನ್ನು ಬಿಡದಿರುವುದೇ ಹಕ್ಕು ಎಂದು ತಿಳಿದ ನಮ್ಮಂಥವರ ನಡುವೆ, ಹಿಂದಿರುಗಿಸುವುದನ್ನೂ ಹಕ್ಕೆಂದೇ ಎಣಿಸುವ ಇಂಥ ಜನ ಅಲ್ಲೊಬ್ಬರು ಇಲ್ಲೊಬ್ಬರು ಹುಟ್ಟುತ್ತಾರೆ. ಅವರನ್ನು ಪ್ರಾಮಾಣಿಕರೆನ್ನಿ, ಅಹಂಕಾರಿಗಳೆನ್ನಿ. ನನಗೆ ಮಾತ್ರ ಅವರ ಮೇಲೆ ಇಂದಿಗೂ ತಣಿಯದ ಸಿಟ್ಟಿದೆ. ತಾವು ಪಡೆದದ್ದನ್ನೆಲ್ಲ ಪಡೆದಂತೆಯೇ ಮರಳಿಸಿ ಅವರು ಕೈ ಬೀಸಿಕೊಂಡು ಹೊರಟುಬಿಡುತ್ತಾರೆ. ನಾವು ಅವರಿಂದ ಪಡೆದದ್ದನ್ನು ಮರಳಿಸಲು ಮಾತ್ರ ನಮಗೊಂದು ಬಾಗಿಲನ್ನೂ ತೆರೆದಿಡುವುದಿಲ್ಲ.