ತಾರಸಿಯಲ್ಲಿ ಒಂದು ತೂತು

ಗ್ಯಾಸಿನ ಮೇಲೆ ಮಾಡಿದ ಮುದ್ದೆಯನ್ನು ಅಶ್ವತ್ಥಮ್ಮ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. "ಹಸಿಹಿಟ್ಟಿನ ವಾಸನೆ" ಅನ್ನುತ್ತಿದ್ದರು. ಸೊಸೆ ಗಂಗಾಲಕ್ಷ್ಮಿ ಎಷ್ಟು ಬೇಯಿಸಿದರೂ ಅದೇ ಮಾತು. ಹಾಗೆಂದು ಹಿತ್ತಲಿನ ಸೌದೆ ಒಲೆ ಹಚ್ಚಿದರೆ ಅತ್ತೆ ತಾವೇ ಹೋಗಿ ಅದರ ಮುಂದೆ ಕೂತುಬಿಡುತ್ತಿದ್ದರು, ಸಂಜೆಗೆ ಉಬ್ಬಸ ಶುರುವಾಗುತ್ತಿತ್ತು. ಹೊಗೆಯ ಹತ್ತಿರ ಸುಳಿಯಬೇಡಿ ಎಂದು ಶ್ರೀನಿವಾಸಪುರದ ಡಾಕ್ಟರು ಹೇಳಿ ಕಳಿಸಿದ್ದರು. ಮುದ್ದೆ ಬಿಡಿ ಎಂದೇನೂ ಅವರು ಹೇಳಿರಲಿಲ್ಲ. ಅದನ್ನು ಅಶ್ವತ್ಥಮ್ಮ ದಿನಕ್ಕೊಮ್ಮೆಯಾದರೂ ನೆನಪಿಸುತ್ತಿದ್ದರು.

ಕೊನೆಗೆ ಅಡುಗೆಮನೆಯ ಒಳಗೇ ಒಂದು ಸೌದೆ ಒಲೆ, ಹೊಗೆ ಹೊರಗೆ ಹೋಗಲು ಒಂದು ಪೈಪು ಎಂದು ತೀರ್ಮಾನವಾಯಿತು. ಸೌದೆಗೇನೂ ಕೊರತೆಯಿರಲಿಲ್ಲ. ರೇಷ್ಮೆಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಹಿತ್ತಲಲ್ಲಿ ಆಳೆತ್ತರ ಬಿದ್ದಿತ್ತು. ಮನೆ ಕಟ್ಟುವಾಗ ಮಾಲೂರಿಂದ ತರಿಸಿದ್ದ ಇಟ್ಟಿಗೆಯೂ ಮಿಕ್ಕಿತ್ತು. ಗಂಡ ಕದಿರೇಶ ತಾನೇ ಒಲೆ ಕಟ್ಟಿದ. ಚೆನ್ನಾಗಿಯೇ ಬಂತು. ಮುಂದೆ ಎರಡು ಪಾತ್ರೆ ಕೂರುವ ಬಾಯಿ, ಹಿಂದೆ ಪೈಪು ನಿಲ್ಲಿಸಲು ಜಾಗ. ಗಂಗಾಲಕ್ಷ್ಮಿ ಸಂತೋಷದಿಂದಲೇ ಅದಕ್ಕೆ ಮಣ್ಣು ಮೆತ್ತಿ ಸಾರಿಸಿದಳು.

ತಾಪತ್ರಯವೆಲ್ಲ ಪೈಪಿನಿಂದ.

"ರೀ, ಇದು ಬೋರ್‌ವೆಲ್ ಪೈಪಲ್ವಾ?"

"ಹೂಂ. ಸುಮ್ನೆ ಬಿದ್ದಿತ್ತು."

"ಪ್ಲಾಸ್ಟಿಕ್ಕು. ಕರಗಲ್ವಾ?"

"ಇದ್ರೊಳಗೆ ಹೋಗೋದು ಹೊಗೆ ಕಣೇ, ಬೆಂಕಿ ಅಲ್ಲ."

ಒಲೆ ಹಚ್ಚಿ ಎಸರು ಕುದಿಯುವ ಮೊದಲೇ ಪೈಪು ಬುಡದಲ್ಲಿ ಮೆತ್ತಗಾಗಿ ಗೋಡೆಗೆ ಒರಗಿಕೊಂಡಿತು. ಮೂಗು ಕೊಯ್ಯುವಂಥ ವಾಸನೆ ಮನೆಯೆಲ್ಲ ತುಂಬಿತು. ಗಂಗಾಲಕ್ಷ್ಮಿ ಅತ್ತೆಯ ರಟ್ಟೆ ಹಿಡಿದು ಬೀದಿಗೆ ಕರೆತಂದಳು. ಅಕ್ಕಪಕ್ಕದವರು ಬಂದು ನೋಡಿ, ಸೆರಗು ಬಾಯಿಗಿಟ್ಟುಕೊಂಡು ಹೋದರು. ಕೆಮ್ಮಿದ್ದಕ್ಕೋ, ನಕ್ಕಿದ್ದಕ್ಕೋ ಅವಳಿಗೆ ತಿಳಿಯಲಿಲ್ಲ.

ಆಮೇಲೆ ಕದಿರೇಶ ತಗಡಿನ ಪೈಪು ತಂದ.

"ನೆಟ್ಟಗೆ ಮೇಲಕ್ಕೆ ಬಿಡಿ, ತಾರಸಿ ಮೋಲ್ಡು ತೂತು ಮಾಡ್ಸಿ," ಅಂದಳು ಗಂಗಾಲಕ್ಷ್ಮಿ. "ಭಾವನ ಮನೇಲಿ ನೀರೊಲೆಗೆ ಹಂಗೇ ಅಲ್ವಾ ಮಾಡಿರೋದು?"

ಭಾವ ಎಂದರೆ ಕದಿರೇಶನ ಅಣ್ಣ ಮುನಿಯಲ್ಲಪ್ಪ. ಹಿಂದಿನ ಬೀದಿಯಲ್ಲೇ ಮನೆ.

"ಮೋಲ್ಡು ಮುಟ್ಟಿದ್ರೆ ಮಳೆಗಾಲದಲ್ಲಿ ಸೋರುತ್ತೆ."

"ಅವರದು ಸೋರಲ್ಲವಲ್ಲ?"

"ಆಗಲ್ಲ ಅಂದ್ನಲ್ಲ!"

ಕಿಟಕಿಯ ಒಂದು ಗಾಜು ತೆಗೆದು, ಅಲ್ಲಿಗೆ ಪ್ಲೈವುಡ್ ತುಂಡು ಹೊಡೆದು, ಅದರಲ್ಲಿ ತೂತು ಕೊರೆದು, ಪೈಪನ್ನು ಎರಡು ಕಡೆ ಬಗ್ಗಿಸಿ ಹೊರಗೆ ಬಿಟ್ಟ. ಹೊರಗೆ ಅದು ಸಜ್ಜದ ಕೆಳಗೇ ನಿಂತಿತು. ಗಾಳಿ ಬೀಸಿದಾಗೆಲ್ಲ, ಹೋದ ಹೊಗೆ ತಿರುಗಿ ಅದೇ ದಾರಿಯಲ್ಲಿ ಒಳಗೆ ಬರುತ್ತಿತ್ತು. ಕದಿರೇಶ ಮೊದಲು ಗಾಳಿಯನ್ನು ಬೈದ. ಆಮೇಲೆ ಕಡ್ಡಿ ಹಸಿ ಅಂದ. ನಿನಗೆ ಒಲೆ ಹಚ್ಚಲು ಬರುವುದಿಲ್ಲ ಅಂದ. ಹುಟ್ಟಿದ ಮನೆಯಲ್ಲಿ ಗ್ಯಾಸಿನ ಮುಖವನ್ನೇ ನೋಡದೆ ಬೆಳೆದವಳು ಗಂಗಾಲಕ್ಷ್ಮಿ. ಅವಳು ಊದುಕೊಳವೆಯನ್ನು ಅವನ ಕೈಗೆ ಕೊಟ್ಟು ಎದ್ದುಹೋದಳು. ಅವನು ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು, ಪಾತ್ರೆ ಸರಿಯಿಲ್ಲ ಅಂದ.

ಒಂದು ಬೆಳಿಗ್ಗೆ ಕದಿರೇಶ ತೋಟಕ್ಕೆ ಸೊಪ್ಪು ಕೊಯ್ಯಲು ಹೋಗಿದ್ದ. ಗಂಗಾಲಕ್ಷ್ಮಿ ಎಸರಿಟ್ಟು ರಾಗಿಹಿಟ್ಟಿನ ಡಬ್ಬಕ್ಕೆ ಕೈ ಹಾಕಿದಾಗ ಬೇರೆಯೇ ಒಂದು ವಾಸನೆ ಬಂತು. ತಿರುಗಿ ನೋಡಿದರೆ ಪೈಪಿನ ಸುತ್ತ ಪ್ಲೈವುಡ್ ಕಪ್ಪಗಾಗಿತ್ತು. ಆ ಕಪ್ಪಿನ ಅಂಚಿನಲ್ಲಿ ಬೀಡಿಯ ತುದಿಯಂತೆ ಕೆಂಪು ಹರಿದಾಡುತ್ತಿತ್ತು. ನೋಡುತ್ತಿದ್ದಂತೆ ಅದು ಕಿಟಕಿಯ ಮರದ ಚೌಕಟ್ಟಿಗೆ ದಾಟಿತು. ಪಕ್ಕದಲ್ಲೇ ಪರದೆ. ಅವಳು ಪರದೆಯನ್ನು ಕಿತ್ತು ಬಿಸಾಡಿ, ಕುಡಿಯುವ ನೀರಿನ ಬಿಂದಿಗೆಯನ್ನು ಎತ್ತಿ ಕಿಟಕಿಗೆ ಸುರಿದಳು. ಅದು ಸಾಲದೆ ಪಾತ್ರೆ ತೊಳೆಯುವ ಬಕೆಟ್ಟನ್ನೂ ಸುರಿದಳು. ಬೆಂಕಿ ಆರಿತು. ನೆಲದ ಮೇಲೆ ಕರೀ ನೀರು ನಿಂತಿತು. ಅವಳು ಪೊರಕೆ ಹಿಡಿದು ಅದನ್ನು ಹೊರಕ್ಕೆ ತಳ್ಳತೊಡಗಿದಳು.

ಕದಿರೇಶ ಬಂದಾಗ ಬಾಗಿಲಲ್ಲೇ ಅವನ ತಾಯಿ ನಿಂತಿದ್ದರು.

"ಒರೇಯ್, ಇಲ್ಲು ಕಾಲ್ಚೇಸ್ತಾವಾ ಏಂದಿರಾ!"

ಸಿಟ್ಟು ಬಂದರೆ ಅಶ್ವತ್ಥಮ್ಮನ ಬಾಯಿಗೆ ತೆಲುಗೇ ಬರುತ್ತಿತ್ತು. ಮನೆ ಸುಟ್ಟುಬಿಡುತ್ತೀಯೇನೋ ಎಂದು ಕೇಳಿ, ಕೆಮ್ಮು ಬಂದು ಜಗಲಿಯ ಮೇಲೆ ಕೂತರು. ಕದಿರೇಶ ಒಳಗೆ ಹೋಗಿ, ಸುಟ್ಟ ಕಿಟಕಿಯನ್ನು ಬಗ್ಗಿ ನೋಡಿ, ತಲೆ ಕೆರೆದುಕೊಂಡ.

"ತೂತು ಸ್ವಲ್ಪ ದೊಡ್ಡದು ಮಾಡಿದ್ರೆ ಸರಿಹೋಗುತ್ತೆ."

ಗಂಗಾಲಕ್ಷ್ಮಿ ಕೈಲಿದ್ದ ಪೊರಕೆ ಕೆಳಗೆ ಹಾಕಿದಳು.

"ನಿಜ ಹೇಳ್ರಿ. ಮೋಲ್ಡು ಯಾಕೆ ಮುಟ್ಟಲ್ಲ?"

ಅವನು ಚೌಕಟ್ಟಿನ ಮಸಿಯನ್ನು ಉಗುರಿನಿಂದ ಕೆರೆಯತೊಡಗಿದ. ಜಗಲಿಯಿಂದ ಅಶ್ವತ್ಥಮ್ಮ ಹೇಳಿದರು: "ಮೇಲಿಂದು ಮುನಿಯಂದು ಕಣಮ್ಮ. ಅವನನ್ನ ಕೇಳ್ಬೇಕು."

ಮಾವ ಬದುಕಿದ್ದಾಗ ಮಾಡಿದ ಪಾಲು ಅದು. ಕೆಳಗಿನ ಮನೆ ಚಿಕ್ಕ ಮಗನಿಗೆ, ತಾರಸಿ ದೊಡ್ಡವನಿಗೆ. ಮುಂದೆ ಕಟ್ಟುವುದಾದರೆ ಅವನು ಮೇಲೆ ಕಟ್ಟಿಕೊಳ್ಳಲಿ ಎಂದು. ಅದು ಗಂಗಾಲಕ್ಷ್ಮಿಗೆ ಗೊತ್ತಿತ್ತು. ಆದರೆ ಅಣ್ಣ ತಮ್ಮ ಯುಗಾದಿಯಿಂದ ಮಾತು ಬಿಟ್ಟದ್ದನ್ನೂ ಈ ಪೈಪನ್ನೂ ಅವಳು ಒಟ್ಟಿಗಿಟ್ಟು ನೋಡಿರಲಿಲ್ಲ. ಇಬ್ಬರಿಗೂ ಸೇರಿದ ಪಂಪಿನ ಸ್ಟಾರ್ಟರ್ ಪೆಟ್ಟಿಗೆಗೆ ಕದಿರೇಶ ಬೀಗ ಹಾಕಿ, ಬೀಗದಕೈ ಜೇಬಲ್ಲಿಟ್ಟುಕೊಂಡು ಮುಳಬಾಗಿಲಿನ ಮದುವೆಗೆ ಹೋಗಿಬಿಟ್ಟಿದ್ದ. ಕರೆಂಟ್ ಇದ್ದೂ ಅಣ್ಣನ ತೋಟಕ್ಕೆ ನೀರಿಲ್ಲ. ಅಷ್ಟಕ್ಕೇ ಮಾತಿಗೆ ಮಾತು ಬೆಳೆದಿತ್ತು.

"ಇದಕ್ಕಾ?" ಗಂಗಾಲಕ್ಷ್ಮಿಯ ದನಿ ಏರಿತು. "ಅಣ್ಣನ್ನ ಒಂದು ಮಾತು ಕೇಳೋಕಾಗ್ದೆ ಮನೆಗೆ ಬೆಂಕಿ ಇಡ್ತಿದ್ರಾ?"

ಕೈಯ ಮಸಿಯನ್ನೂ ತೊಳೆಯದೆ ಚಪ್ಪಲಿ ಮೆಟ್ಟಿ ಹೊರಟಳು. ಮುನಿಯಲ್ಲಪ್ಪ ಕೊಟ್ಟಿಗೆಯ ಮುಂದೆ ಹಸುವಿಗೆ ಬೂಸ ಕಲಸುತ್ತಿದ್ದರು. ಅವಳು ನಡೆದದ್ದನ್ನೆಲ್ಲ ಹೇಳಿದಳು.

"ಅವನ್ಯಾಕೆ ಬರ್ಲಿಲ್ಲಮ್ಮಾ?"

"ಅವರು ಬರಲ್ಲ ಭಾವ. ನೀವೂ ಬರಲ್ಲ. ಮಧ್ಯದಲ್ಲಿ ಅತ್ತೆ ಹೊಗೆ ಕುಡೀತಾರೆ."

"ಪ್ಲಾಸ್ಟಿಕ್ ಪೈಪು ಸುಟ್ಟಾಗ್ಲೇ ನನಗಿಲ್ಲಿ ವಾಸ್ನೆ ಬಂತು. ಈಗಲಾದ್ರೂ ಬಂದು ಕೇಳ್ತಾನೆ ಅಂತ ನೋಡ್ತಿದ್ದೆ."

"ವಾಸ್ನೆ ಬಂತಾ? ಬಂದು ಏನಾಯ್ತು ಅಂತ ನೋಡೋಕೆ ಆಗ್ಲಿಲ್ವಾ? ಒಳಗಿದ್ದದ್ದು ನಿಮ್ಮಮ್ಮ."

ಮದುವೆಯಾಗಿ ಬಂದಂದಿನಿಂದ ಅವಳು ಭಾವನ ಎದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದಿಲ್ಲ. ಒಳಗಿನಿಂದ ಅವರ ಹೆಂಡತಿ ಭಾರತಮ್ಮ ಬಾಗಿಲಿಗೆ ಬಂದು ನಿಂತರು. ಗಂಡನ ಟವೆಲನ್ನು ಅವರತ್ತ ಚಾಚಿದರು. ಮುನಿಯಲ್ಲಪ್ಪ ಕೈ ತೊಳೆದು, ಟವೆಲ್ ಹೆಗಲಿಗೆ ಹಾಕಿಕೊಂಡು, "ನಡಿಯಮ್ಮ" ಅಂದರು.

ಅವರು ಬಂದದ್ದೇನೋ ಬಂದರು. ಆದರೆ ಮಾರನೆಯ ದಿನ ಕೆಲಸ ಶುರುವಾದಾಗಲೂ ಇಬ್ಬರೂ ಒಬ್ಬರಿಗೊಬ್ಬರು ಮಾತಾಡಲಿಲ್ಲ. ತಾರಸಿಯ ಮೇಲೆ ಅಣ್ಣ, ಅಡುಗೆಮನೆಯಲ್ಲಿ ತಮ್ಮ.

"ಕಂಬಿ ಇಲ್ಲದ ಕಡೆ ಕೊರೀಬೇಕು ಅಂತ ಅವನಿಗೆ ಹೇಳಮ್ಮ."

"ಅದು ನನಗೂ ಗೊತ್ತು ಅಂತ ಹೇಳು ಅವರಿಗೆ."

ಗಂಗಾಲಕ್ಷ್ಮಿ ಮೆಟ್ಟಿಲು ಹತ್ತಿ ಇಳಿದು ಸುಸ್ತಾದಳು. ತೂತು ಪೈಪಿಗಿಂತ ಅಗಲವಿರಲಿ ಎಂದು ಒಂದು ಸಲ, ಸುತ್ತ ತಗಡಿನ ಕೊಳವೆ ಕೂರಿಸಿ ನಡುವೆ ಸಂದು ಬಿಡಲಿ ಎಂದು ಇನ್ನೊಂದು ಸಲ. ಕೊನೆಗೆ ಅಂಗಳದಲ್ಲಿ ನಿಂತು ಇಬ್ಬರಿಗೂ ಕೇಳುವಂತೆ ಕೂಗಿದಳು: "ನಾನಿನ್ನು ಹತ್ತಲ್ಲ! ಏನಾದ್ರೂ ಬೇಕಾದ್ರೆ ನೀವ್ನೀವೇ ಹೇಳ್ಕೊಳ್ಳಿ!"

ಆಮೇಲೆ ಕೆಳಗಿನಿಂದ ಎತ್ತಿ ಹಿಡಿದಿದ್ದ ಪೈಪು ಕದಿರೇಶನ ಕೈಯಿಂದ ಜಾರಿತು.

"ಅಣ್ಣಾ, ಹಿಡ್ಕೊ! ಹಿಡ್ಕೊ!"

"ಹಿಡ್ಕೊಂಡಿದೀನಿ ಕಣ್ಲಾ! ಹಂಗ್ಯಾಕೆ ಅರಚ್ತೀಯ?"

ಅಲ್ಲಿಂದ ಶುರುವಾದ ಮಾತು ನಿಲ್ಲಲಿಲ್ಲ. ಬರೀ ಜಗಳವೇ, ಆದರೆ ಮುಖಾಮುಖಿ. ಪೈಪು ಎಲ್ಲೂ ಬಾಗದೆ ನೆಟ್ಟಗೆ ಏರಿ, ತಾರಸಿಯ ಮೋಟುಗೋಡೆಗಿಂತ ಚೆನ್ನಾಗಿ ಎತ್ತರಕ್ಕೆ ಹೋಯಿತು. ಬುಡದ ಸುತ್ತ ಸಿಮೆಂಟಿನ ಕಟ್ಟೆ ಬಂತು. ಸುಟ್ಟ ಪ್ಲೈವುಡ್ ಹಿತ್ತಲು ಸೇರಿತು. ಒಲೆ ಉರಿಯುವಾಗ ಕಿಟಕಿ ತೆಗೆದಿರಬೇಕು, ಆಗಾಗ ಪೈಪಿನ ಮಸಿ ಬಡಿಯಬೇಕು ಎಂದು ಮುನಿಯಲ್ಲಪ್ಪ ಹೇಳಿದರು. ಬಡಿಯುವವರು ಯಾರು ಎಂಬುದಕ್ಕೆ ಇನ್ನೊಂದು ಸುತ್ತು ವಾದ ನಡೆಯಿತು.

ಸಿಮೆಂಟು ಒಣಗಿದ ಮೇಲೆ ಗಂಗಾಲಕ್ಷ್ಮಿ ಒಲೆ ಹಚ್ಚಿದಳು. ಹೊಗೆ ಒಮ್ಮೆ ಒಲೆಯ ಬಾಯಲ್ಲಿ ಸುಳಿದು, ಯಾರೋ ಮೇಲಿಂದ ಎಳೆದುಕೊಂಡಂತೆ ಪೈಪಿನೊಳಗೆ ಹೋಯಿತು. ಕಣ್ಣು ಉರಿಯಲಿಲ್ಲ. ಅಶ್ವತ್ಥಮ್ಮ ಮಣೆ ಹಾಕಿಕೊಂಡು ಒಲೆಯ ಪಕ್ಕವೇ ಕೂತು, ಬಿಸಿ ಮುದ್ದೆಯನ್ನು ಉಪ್ಸಾರಿನಲ್ಲಿ ಅದ್ದಿ ನುಂಗಿದರು. ಪೂರ್ತಿ ಉಂಡು, "ಹಿಟ್ಟಿನ ಗಂಟೊಂದು ಸಿಕ್ತು" ಅಂದರು. ಕೆಮ್ಮಲಿಲ್ಲ.

ತಾರಸಿಯ ಮೇಲೆ, ಮಳೆನೀರು ಇಳಿಯದಂತೆ ಪೈಪಿನ ತುದಿಗೆ ಕೂರಿಸುವ ಟೋಪಿ ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂದು ಅಣ್ಣ ತಮ್ಮ ಕೂಗಾಡುತ್ತಿದ್ದರು.

"ಊಟಕ್ಕೆ ಬನ್ನಿ, ಆರಿಹೋಗುತ್ತೆ!" ಎಂದು ಗಂಗಾಲಕ್ಷ್ಮಿ ಕರೆದಳು.

"ಬಂದ್ವಿ!" ಅಂದರು ಇಬ್ಬರೂ. ಬರಲಿಲ್ಲ.

ಇನ್ನೊಮ್ಮೆ ಕರೆದಳು. ಆಮೇಲೆ ತನಗೊಂದು ತಟ್ಟೆ ಹಾಕಿಕೊಂಡು, ಯಾರಿಗೂ ಕಾಯದೆ ಉಣ್ಣಲು ಕೂತಳು.