ಮೀನು ತಜ್ಞೆ ಅವೀನೊ

ಸರೋವರದ ದಡದ ಕಿಸುಮು ಪಟ್ಟಣದಲ್ಲಿ ಯಾರಿಗೆ ಯಾವುದರ ಹುಚ್ಚು, ಯಾರಿಗೆ ಏನು ಗೊತ್ತು ಎಂಬುದನ್ನು ಫೇಸ್‌ಬುಕ್ ಬರಹಗಳಲ್ಲಿ ಜಾಲಾಡಿ ಪಟ್ಟಿ ಮಾಡಿಕೊಡುವುದು ಅಪೊಂಡಿಯ ಕೆಲಸ. ಸರೋವರದಲ್ಲಿ ಬಲೆಪಂಜರ ಇಳಿಬಿಟ್ಟು ಮೀನು ಸಾಕುವ ಕಂಪನಿಯೊಂದು, ಮೀನುಗಳು ರಾಶಿರಾಶಿ ಸಾಯುತ್ತಿವೆ, ಅವುಗಳ ರೋಗ ಬಲ್ಲವರನ್ನು ಹುಡುಕಿಕೊಡಿ ಎಂದು ಕೇಳಿತ್ತು. ಎರಡು ವಾರ ಕೆದಕಿ ಕಂಪ್ಯೂಟರು ಕೊಟ್ಟ ಪಟ್ಟಿಯ ಮೊದಲ ಹೆಸರು ನೋಡಿ ಅಪೊಂಡಿಗೆ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು. ಅವೀನೊ! ಅವಳ ಸ್ವಂತ ಸೋದರತ್ತೆ. ದಡದಲ್ಲಿ ಮೀನು ಹುರಿದು ಮಾರುವವಳು.

ಅತ್ತೆಯ ಎಂಟುನೂರು ಪೋಸ್ಟುಗಳಲ್ಲಿ ಕಿವಿರು, ಕಣ್ಣು, ಹುರುಪೆ, ಕೊಳೆತ ವಾಸನೆ ಎಲ್ಲವೂ ಇದ್ದದ್ದು ನಿಜ. ಆದರೆ ಅಷ್ಟೂ ಪಕ್ಕದ ಅಂಗಡಿಯ ಪೆರೆಸ್‌ಳನ್ನು ಬೈದದ್ದು. "ಪೆರೆಸ್, ನಿನ್ನ ಕಣ್ಣೂ ನಿನ್ನ ಮೀನಿನ ಕಣ್ಣೂ ಒಂದೇ ಥರ ಗುಳಿಬಿದ್ದಿದೆ. ಇಬ್ಬರನ್ನೂ ಮೂರು ದಿನದ ಹಿಂದೆಯೇ ಹೂಳಬೇಕಿತ್ತು" ಎಂಬಂಥವು. ಒಂದನ್ನೂ ಬಿಡದೆ ಉತ್ತರ ಕೊಟ್ಟಿದ್ದ ಪೆರೆಸ್ ಪಟ್ಟಿಯಲ್ಲಿ ಎರಡನೆಯವಳು.

"ಸಾರ್, ಇವ್ರು ನಮ್ಮತ್ತೆ. ಇದು ತಿಳುವಳಿಕೆ ಅಲ್ಲ, ಬರೀ ಜಗಳ," ಎಂದು ಅಪೊಂಡಿ ತನ್ನ ಕಚೇರಿಯ ಮಾಲೀಕ ಒಗಾಡನ ಮುಂದೆ ಗೋಗರೆದಳು.

"ಡಾಕ್ಟ್ರುಗಳು ಮಾಡೋದೂ ಅದನ್ನೇ ಕಣಮ್ಮಾ, ಟೈ ಕಟ್ಕೊಂಡು ಮಾಡ್ತಾರೆ ಅಷ್ಟೆ. ಕಂಪನಿ ಸಭೆಗೆ ಬನ್ನಿ ಅಂತ ಇಬ್ರಿಗೂ ಕಾಗದ ಹೋಗಾಯ್ತು," ಎಂದ ಒಗಾಡ.

ಸಭೆಯ ದಿನ ಅತ್ತೆ ಈಸ್ಟರ್ ಹಬ್ಬದ ಟೋಪಿ ಇಟ್ಟುಕೊಂಡು ಬಂದಳು. ಪಕ್ಕದ ಕುರ್ಚಿಯಲ್ಲಿ ಪೆರೆಸ್!

"ನಿನ್ನನ್ಯಾರೇ ಕರೆದ್ರು? ಪಾತ್ರೆ ತೊಳೆಯೋಕಾ?" ಎಂದಳು ಅತ್ತೆ.

"ತಜ್ಞೆ ಅಂತ ಬರೆದವ್ರೆ ಕಣೇ. ಓದೋಕೆ ಬಂದ್ರೆ ಓದ್ಕೊ."

ಅಪೊಂಡಿ ಮೇಜಿನ ಕೆಳಗೆ ಬಿದ್ದಿರದ ಪೆನ್ನನ್ನು ಹುಡುಕತೊಡಗಿದಳು.

ಕಂಪನಿಯೇ ಕರೆಸಿದ್ದ ಮೀನಿನ ಡಾಕ್ಟರೊಬ್ಬರು ಒಂದು ಗಂಟೆ ಬೂಷ್ಟು ರೋಗದ ಚಿತ್ರಗಳನ್ನು ತೋರಿಸಿದರು. ತಟ್ಟೆಯಲ್ಲಿ ಸತ್ತ ಮೀನುಗಳಿದ್ದವು. ಅತ್ತೆಗೆ ತಡೆಯಲಾಗಲಿಲ್ಲ. ಎದ್ದುಹೋಗಿ ಒಂದನ್ನೆತ್ತಿ ಕಿವಿರು ಬಿಡಿಸಿ ಮೂಸಿದಳು.

"ಬಾಯಿ ನೋಡಿ, ಹಾ ಅಂತ ಬಿಟ್ಕೊಂಡಿದೆ. ಕಿವಿರು ಅರಳಿದೆ. ರೋಗಾನೂ ಇಲ್ಲ, ಮಣ್ಣೂ ಇಲ್ಲ ಡಾಕ್ಟ್ರೇ. ಉಸಿರುಗಟ್ಟಿ ಸತ್ತಿರೋದು."

ಪೆರೆಸ್ ಮೀನನ್ನು ಕಸಿದುಕೊಂಡು ನೋಡಿದಳು. "ಹುಟ್ಟಿದಾಗಿಂದ ಇವತ್ತೇ ಇವಳು ನಿಜ ಹೇಳಿರೋದು!" ಎಂದವಳೇ ಕಂಪನಿಯ ಮ್ಯಾನೇಜರ್ ಕಡೆ ತಿರುಗಿದಳು. "ಮಟಾಟು ವ್ಯಾನಲ್ಲಿ ಜನ ತುರುಕಿದ ಹಾಗೆ ಪಂಜರಗಳನ್ನ ಒತ್ತೊತ್ತಾಗಿ ಕಟ್ಟಿದೀರಲ್ಲಪ್ಪಾ. ಮೀನು ತಿಂದು ಮಿಕ್ಕ ಹಿಟ್ಟೆಲ್ಲ ತಳಕ್ಕೆ ಹೋಗಿ ಕೊಳೀತಿದೆ. ಮೀನು ಏನನ್ನ ಉಸಿರಾಡ್ಬೇಕು, ನಿಮ್ಮ ಪುಣ್ಯಾನಾ?"

ಡಾಕ್ಟರು ಚಿತ್ರಗಳನ್ನು ಬದಿಗಿಟ್ಟು, "ನೀರಿನ ಆಮ್ಲಜನಕ ಅಳೆದಿದ್ದೀರಾ?" ಎಂದು ಮ್ಯಾನೇಜರನ್ನು ಕೇಳಿದರು. ಅವನು ಸೂರು ನೋಡಿದ.

ಮರುದಿನ ಅಳೆದರು. ಹೆಂಗಸರು ಹೇಳಿದ್ದೇ ಸರಿಯಾಗಿತ್ತು. ಪಂಜರಗಳನ್ನು ದೂರದೂರ ಸರಿಸಿದ ಮೇಲೆ ಸಾವು ನಿಂತಿತು. ಕಂಪನಿ ಧನ್ಯವಾದದ ಪತ್ರ ಕಳಿಸಿದ್ದು ಮಾತ್ರ ಡಾಕ್ಟರಿಗೆ.

ಅಪೊಂಡಿ ಸಿಟ್ಟಿನಿಂದ ಅತ್ತೆಯ ಅಂಗಡಿಗೆ ಹೋಗಿ ಅದನ್ನು ಹೇಳಿದಾಗ ಅತ್ತೆ ಬಾಣಲೆಯಿಂದ ತಲೆಯನ್ನೂ ಎತ್ತಲಿಲ್ಲ.

"ಇಟ್ಕೊಳ್ಳಲಿ ಬಿಡೇ, ಪಾಪ. ಆ ಪೆರೆಸ್ ಇದಾಳಲ್ಲ, ತಾನೇ ಮೊದ್ಲು ಕಂಡುಹಿಡಿದಿದ್ದು ಅಂತ ದಡದ ತುಂಬ ಸಾರ್ತಿದಾಳೆ. ಮೊದ್ಲು ಅವಳಿಗೊಂದು ಗತಿ ಕಾಣಿಸ್ಬೇಕು." ಕೈ ಒರೆಸಿಕೊಂಡು ಫೋನ್ ತೆಗೆದಳು.

ಅಪೊಂಡಿ ಹುರಿದ ಮೀನಿನ ತಲೆ ಚೀಪುತ್ತಾ ಪಕ್ಕದಲ್ಲಿ ಕುಳಿತು, ಬೈಗುಳದ ಕಾಗುಣಿತ ತಿದ್ದಿಕೊಟ್ಟಳು.